ಮೋಸ್ಲೆಯ ಸಾವು: ನಾವು ಹೇಳುತ್ತಿರುವ ಪಾಠ ಸರಿಯೇ?

ಆವರ್ತಕ ಕೋಷ್ಟಕವನ್ನು ಪಾಠ ಮಾಡುವ ಅಧ್ಯಾಪಕರಿಗೆ ಹೆನ್ರಿ ಮೋಸ್ಲೆಯ ಹೆಸರು ಹೊಸದಲ್ಲ. ಧಾತುಗಳನ್ನು ಪರಮಾಣು ತೂಕದ ಬದಲು ಪರಮಾಣು ಸಂಖ್ಯೆಯ ಕ್ರಮದಲ್ಲಿ ಜೋಡಿಸಬೇಕೆಂಬುದಕ್ಕೆ ಪ್ರಯೋಗದ ಆಧಾರ ಒದಗಿಸಿದವನು ಆತ. ಕೋಬಾಲ್ಟ್‌ನ ಪರಮಾಣು ತೂಕ 58.93, ನಿಕ್ಕಲ್‌ನದು 58.69. ತೂಕವನ್ನೇ ನಂಬಿದರೆ ನಿಕ್ಕಲ್ ಮೊದಲು ಬರಬೇಕು. ರಾಸಾಯನಿಕ ಗುಣಗಳು ಕೋಬಾಲ್ಟ್ ಮೊದಲು ಎನ್ನುತ್ತವೆ. 1913ರಲ್ಲಿ ಮೋಸ್ಲೆ ಈ ಧಾತುಗಳ ವಿಶಿಷ್ಟ ಕ್ಷ-ಕಿರಣಗಳ ಆವೃತ್ತಿಯನ್ನು ಅಳೆದು, ಆವೃತ್ತಿಯ ವರ್ಗಮೂಲವು ಧಾತುವಿನಿಂದ ಧಾತುವಿಗೆ ಸಮನಾದ ಹೆಜ್ಜೆಗಳಲ್ಲಿ ಏರುತ್ತದೆ ಎಂದು ತೋರಿಸಿದ. ಕೋಬಾಲ್ಟ್ 27, ನಿಕ್ಕಲ್ 28 ಎಂದು ಖಚಿತವಾಯಿತು. 43, 61, 75ನೆಯ ಸ್ಥಾನಗಳು ಖಾಲಿ ಇವೆಯೆಂದೂ ತಿಳಿಯಿತು.

ಇಷ್ಟು ಹೇಳಿದ ಮೇಲೆ ನಾವೆಲ್ಲರೂ ಒಂದು ಮಾತು ಸೇರಿಸುತ್ತೇವೆ: ಇಂಥ ಪ್ರತಿಭಾವಂತ 1915ರ ಆಗಸ್ಟ್ 10ರಂದು, ತನ್ನ 27ನೆಯ ವಯಸ್ಸಿನಲ್ಲಿ, ಟರ್ಕಿಯ ಗಲಿಪೊಲಿ ರಣರಂಗದಲ್ಲಿ ಗುಂಡೇಟಿಗೆ ಬಲಿಯಾದ, ಬದುಕಿದ್ದರೆ ನೊಬೆಲ್ ಬಹುಮಾನ ಅವನಿಗೆ ಸಿಗುತ್ತಿತ್ತು, ವಿಜ್ಞಾನಿಗಳನ್ನು ಯುದ್ಧಕ್ಕೆ ಕಳಿಸಬಾರದೆಂಬ ಪಾಠವನ್ನು ಬ್ರಿಟನ್ ಅವನ ಸಾವಿನಿಂದ ಕಲಿಯಿತು. ಜನಪ್ರಿಯ ವಿಜ್ಞಾನ ಪುಸ್ತಕಗಳಲ್ಲಿ, ಭಾಷಣಗಳಲ್ಲಿ, ತರಗತಿಗಳಲ್ಲಿ ಈ ಕಥೆ ಇದೇ ರೂಪದಲ್ಲಿ ಮುಗಿಯುತ್ತದೆ.

ಈ ಲೇಖನ ಆ ಕಥೆಯ ವಿಮರ್ಶೆ. ಅದರಲ್ಲಿರುವ ದುಃಖ ನಿಜ; ಅದರಿಂದ ನಾವು ತೆಗೆಯುವ ಪಾಠ ಮಾತ್ರ ಅರೆಬರೆಯದು. ವೃತ್ತಿಯಿಂದ ಸೈನಿಕನಲ್ಲದ ವ್ಯಕ್ತಿಯೊಬ್ಬ ಸಮವಸ್ತ್ರ ತೊಟ್ಟಾಗ ಅವನ ನಾಗರಿಕ ಜೀವನದ ಕೌಶಲ ಏನಾಗುತ್ತದೆ? ಇದು ಮೀಸಲು ಪಡೆಗಳನ್ನು ಇಟ್ಟುಕೊಂಡಿರುವ ಎಲ್ಲ ದೇಶಗಳನ್ನೂ ಇಂದಿಗೂ ಕಾಡುವ ಪ್ರಶ್ನೆ. ಮೋಸ್ಲೆಯ ಕಥೆಯನ್ನು ಪೂರ್ತಿಯಾಗಿ ಓದಿದರೆ ಈ ಪ್ರಶ್ನೆಗೆ ಉತ್ತರದ ಕೆಲವು ಎಳೆಗಳು ಸಿಗುತ್ತವೆ.

ಕಥೆಯಲ್ಲಿ ಬಿಟ್ಟುಹೋದದ್ದು

ಮೊದಲನೆಯದಾಗಿ, ಮೋಸ್ಲೆಯನ್ನು ಯಾರೂ ಬಲವಂತವಾಗಿ ಕಳಿಸಲಿಲ್ಲ. 1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ಆತ ಬ್ರಿಟಿಷ್ ಅಸೋಸಿಯೇಷನ್ನಿನ ಸಮ್ಮೇಳನಕ್ಕಾಗಿ ಆಸ್ಟ್ರೇಲಿಯಾದಲ್ಲಿದ್ದ. ಅಲ್ಲಿಂದ ಹಿಂದಿರುಗಿ ತಾನೇ ಪ್ರಯತ್ನಪಟ್ಟು ರಾಯಲ್ ಎಂಜಿನಿಯರ್ಸ್ ದಳಕ್ಕೆ ಸೇರಿದ. ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾಸೇವೆ ಜಾರಿಗೆ ಬಂದದ್ದು 1916ರಲ್ಲಿ, ಅಂದರೆ ಅವನ ಸಾವಿನ ನಂತರ.

ಎರಡನೆಯದಾಗಿ, ಸೇನೆ ಅವನ ವಿದ್ಯೆಯನ್ನು ಪೂರ್ತಿ ಕಡೆಗಣಿಸಿತು ಎನ್ನುವುದೂ ಸರಿಯಲ್ಲ. ಅವನಿಗೆ ಕೊಟ್ಟ ಕೆಲಸ ಸಂಪರ್ಕಾಧಿಕಾರಿಯದು. ಟೆಲಿಫೋನ್ ತಂತಿ, ಸಂದೇಶ ರವಾನೆ, ವಿದ್ಯುತ್ ಸಲಕರಣೆ ಅವನ ಹೊಣೆ. ವಿದ್ಯುತ್ತನ್ನು ಬಲ್ಲ ಭೌತವಿಜ್ಞಾನಿಗೆ ವಿದ್ಯುತ್ ಸಲಕರಣೆಯ ಕೆಲಸ! ಕಾಗದದ ಮೇಲೆ ನೋಡಿದರೆ ಇದು ಒಪ್ಪುವ ಹೊಂದಾಣಿಕೆಯೇ. ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸೇನೆ ಹೊಂದಿಸಿದ್ದು ‘ಭೌತವಿಜ್ಞಾನ’ ಎಂಬ ಹಣೆಪಟ್ಟಿಯನ್ನು. ಆ ಹಣೆಪಟ್ಟಿಯ ಕೆಳಗಿದ್ದ ನಿಖರ ಕೌಶಲವನ್ನು ಯಾರೂ ವಿಚಾರಿಸಿರಲಿಲ್ಲ. ಅತಿ ಸೂಕ್ಷ್ಮ ಅಳತೆಯ ಉಪಕರಣವನ್ನು ಕೈಯಾರೆ ಕಟ್ಟಿ, ಹಗಲು ರಾತ್ರಿ ದುಡಿಸಿ, ಅದರಿಂದ ನಂಬಬಹುದಾದ ಅಂಕಿಗಳನ್ನು ಹೊರಡಿಸುವ ಶಕ್ತಿ ಅವನದು. ಅದಕ್ಕೆ ತಕ್ಕ ಕೆಲಸ ಸೇನೆಯಲ್ಲಿ ಇತ್ತೇ? ಇತ್ತು. ಅದೇ ವರ್ಷ, ಇನ್ನೊಬ್ಬ ಕ್ಷ-ಕಿರಣ ವಿಜ್ಞಾನಿಯ ಪಾಲಿಗೆ ಅದು ಬಂತು.

ಕುದುರೆಯಿಂದ ಇಳಿದ ಬ್ರಾಗ್

ವಿಲಿಯಂ ಲಾರೆನ್ಸ್ ಬ್ರಾಗ್‌ನ ಹೆಸರೂ ನಿಮಗೆ ಗೊತ್ತು. ಹರಳಿನ ಪದರಗಳಿಂದ ಕ್ಷ-ಕಿರಣಗಳು ಯಾವ ಕೋನದಲ್ಲಿ ಪ್ರತಿಫಲಿಸುತ್ತವೆ ಎಂಬ ನಿಯಮವನ್ನು ಆತ 1912ರಲ್ಲಿ ಕೊಟ್ಟ. ಮೋಸ್ಲೆ ತನ್ನ ಕ್ಷ-ಕಿರಣಗಳ ತರಂಗಾಂತರವನ್ನು ಅಳೆದದ್ದು ಹರಳಿನ ಪ್ರತಿಫಲನದ ಈ ತತ್ತ್ವವನ್ನೇ ಬಳಸಿ. ಅಂದರೆ ಇಬ್ಬರೂ ಒಂದೇ ಕ್ಷೇತ್ರದವರು, ಹೆಚ್ಚುಕಡಿಮೆ ಒಂದೇ ವಯಸ್ಸಿನವರು.

1914ರಲ್ಲಿ ಬ್ರಾಗ್ ಅಧಿಕಾರಿಯಾಗಿ ಸೇರಿದ್ದು ಲೆಸ್ಟರ್‌ಶೈರ್ ರಾಯಲ್ ಹಾರ್ಸ್ ಆರ್ಟಿಲರಿ ಎಂಬ ಟೆರಿಟೋರಿಯಲ್ ದಳಕ್ಕೆ. ಟೆರಿಟೋರಿಯಲ್ ಎಂದರೆ ನಾಗರಿಕ ವೃತ್ತಿಯಲ್ಲಿದ್ದುಕೊಂಡೇ ತರಬೇತಿ ಪಡೆದು, ಕರೆ ಬಂದಾಗ ಬರುವವರ ಮೀಸಲು ಸೇನೆ. ಕುದುರೆ ಎಳೆಯುವ ಫಿರಂಗಿಗಳ ಈ ದಳದಲ್ಲಿ ಬೇಟೆ, ಸವಾರಿಗಳಲ್ಲಿ ಪಳಗಿದವರ ನಡುವೆ ಆತ ಹೇಗೋ ಹೊಂದಿಕೊಂಡಿದ್ದ. ಒಂದು ವರ್ಷ ಹೀಗೆ ಕಳೆಯಿತು. ಹರಳಿನ ರಚನೆಯನ್ನು ಬಿಡಿಸಿದವನಿಗೆ ಕುದುರೆ ಲಾಯದ ಉಸ್ತುವಾರಿ!

1915ರಲ್ಲಿ ಯುದ್ಧ ಕಚೇರಿಯ ನಕಾಶೆ ವಿಭಾಗದಿಂದ ಅವನಿಗೆ ಕರೆ ಬಂತು. ಶತ್ರುವಿನ ಫಿರಂಗಿ ಎಲ್ಲಿದೆ ಎಂದು ಅದರ ಶಬ್ದದಿಂದಲೇ ಪತ್ತೆ ಮಾಡುವ ಪ್ರಯೋಗವನ್ನು ಫ್ರೆಂಚರು ನಡೆಸಿದ್ದರು. ಅದನ್ನು ಬ್ರಿಟಿಷ್ ಸೇನೆಗಾಗಿ ಪರೀಕ್ಷಿಸಿ ನೋಡಲು ಒಬ್ಬ ಭೌತವಿಜ್ಞಾನಿ ಬೇಕಾಗಿತ್ತು. ಬ್ರಾಗ್ ಒಪ್ಪಿಕೊಂಡ. ಆ ವರ್ಷದ ನವೆಂಬರ್‌ನಲ್ಲಿ ತಂದೆಯೊಡನೆ ತನಗೂ ನೊಬೆಲ್ ಬಹುಮಾನ ಬಂದ ಸುದ್ದಿ ತಲುಪಿದಾಗ ಅವನಿಗೆ 25 ವರ್ಷ. ಆತ ಬೆಲ್ಜಿಯಂನ ಯುದ್ಧರಂಗದ ಹತ್ತಿರ ಇದೇ ಕೆಲಸದಲ್ಲಿದ್ದ. ಅದಕ್ಕೆ ಸ್ವಲ್ಪ ಮೊದಲಷ್ಟೇ ಅವನ ತಮ್ಮ ರಾಬರ್ಟ್ ಗಲಿಪೊಲಿಯಲ್ಲಿ, ಮೋಸ್ಲೆ ಸತ್ತ ಕೆಲವೇ ವಾರಗಳ ನಂತರ, ತೀರಿಕೊಂಡಿದ್ದ.

ಈ ವಿಧಾನದ ತತ್ತ್ವ ಸರಳ. ನೆಲದ ಮೇಲೆ ಹಲವು ಕಿಲೊಮೀಟರ್ ಉದ್ದಕ್ಕೆ ಆರು ಮೈಕ್ರೊಫೋನುಗಳನ್ನು ಇಡಲಾಗುತ್ತದೆ. ಫಿರಂಗಿಯ ಸದ್ದು ಒಂದೊಂದನ್ನೂ ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ಚಲಿಸುವ ಫಿಲ್ಮಿನ ಮೇಲೆ ಈ ಹೊತ್ತುಗಳನ್ನು ದಾಖಲಿಸಿ, ವ್ಯತ್ಯಾಸವನ್ನು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಓದಬೇಕು. ಅಷ್ಟು ಸಮಯದಲ್ಲಿ ಶಬ್ದ ಸುಮಾರು 3.4 ಮೀಟರ್ ಸಾಗುತ್ತದೆ. ಎರಡು ಮೈಕ್ರೊಫೋನುಗಳ ನಡುವಿನ ಒಂದು ಕಾಲವ್ಯತ್ಯಾಸ ನಕಾಶೆಯ ಮೇಲೆ ಒಂದು ಹೈಪರ್ಬೊಲಾವನ್ನು ಕೊಡುತ್ತದೆ. ಇಂಥ ಹಲವು ರೇಖೆಗಳು ಕೂಡುವ ಜಾಗದಲ್ಲಿ ಫಿರಂಗಿ ಇದೆ. ಗಾಳಿ ಮತ್ತು ಉಷ್ಣತೆಗೆ ತಕ್ಕಂತೆ ಲೆಕ್ಕವನ್ನು ತಿದ್ದಬೇಕು. ನಿಮ್ಮ ಪಿಯುಸಿ ವಿದ್ಯಾರ್ಥಿಗಳು ಕಾಗದದ ಮೇಲೆ ಇದನ್ನು ಮಾಡಬಲ್ಲರು.

ಆದರೆ ಕೆಲಸ ಸಾಗಲಿಲ್ಲ. ಆಗಿನ ಕಾರ್ಬನ್ ಮೈಕ್ರೊಫೋನುಗಳು ಹಾರಿಬರುವ ಗುಂಡಿನ ಚಟಾರ್ ಸದ್ದಿಗೆ, ಮಾತಿಗೆ, ಗಾಡಿಯ ಗಡಗಡಕ್ಕೆ ಚುರುಕಾಗಿ ಸ್ಪಂದಿಸುತ್ತಿದ್ದವು. ಫಿರಂಗಿಯ ಬಾಯಿಯಿಂದ ಹೊರಡುವ, ಕಿವಿಗೆ ಕೇಳಿಸದಷ್ಟು ಕಡಿಮೆ ಆವೃತ್ತಿಯ ಒತ್ತಡದ ಅಲೆ ಮಾತ್ರ ಅವುಗಳಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಬೇಕಾಗಿದ್ದುದು ಅದೇ.

ಕಾರ್ಪೊರಲ್ ಟಕರ್‌ಗೆ ಗೊತ್ತಿದ್ದದ್ದು

ಬ್ರಾಗ್‌ನ ತಂಡದಲ್ಲಿ ಟಕರ್ ಎಂಬೊಬ್ಬ ಕಾರ್ಪೊರಲ್ ಇದ್ದ. ಕಾರ್ಪೊರಲ್ ಎಂದರೆ ಸೇನೆಯಲ್ಲಿ ಕೆಳಗಿನ ದರ್ಜೆ. ಆತ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಭೌತವಿಜ್ಞಾನ ವಿಭಾಗದಿಂದ ಬಂದವನು. ಬಿಸಿಯಾದ ಸಣ್ಣ ತಂತಿ ಗಾಳಿಯ ಹರಿವಿನಿಂದ ಹೇಗೆ ತಣ್ಣಗಾಗುತ್ತದೆ ಎಂಬುದರ ಮೇಲೆ ಅಲ್ಲಿ ಕೆಲಸ ಮಾಡಿದ್ದ. ತಾನು ಮಲಗುತ್ತಿದ್ದ ಗುಡಿಸಲಿನ ಗೋಡೆಯಲ್ಲಿ ಸಣ್ಣ ತೂತುಗಳಿದ್ದವು. ದೂರದಲ್ಲಿ ಫಿರಂಗಿ ಹಾರಿದಾಗಲೆಲ್ಲ ಆ ತೂತುಗಳಿಂದ ತಣ್ಣನೆಯ ಗಾಳಿ ಮುಖಕ್ಕೆ ತಾಗುವುದನ್ನು ಆತ ಗಮನಿಸಿದ. ಎಲ್ಲರ ಮುಖಕ್ಕೂ ತಾಗಿರಬೇಕು, ಅರ್ಥವಾದದ್ದು ಅವನಿಗೆ.

ಹಾಗಾದರೆ ಡಬ್ಬಿಯೊಂದರ ತೂತಿಗೆ ಅಡ್ಡವಾಗಿ ಪ್ಲಾಟಿನಂನ ಸೂಕ್ಷ್ಮ ತಂತಿಯನ್ನು ಕಟ್ಟಿ, ವಿದ್ಯುತ್ ಹರಿಸಿ ಬಿಸಿ ಮಾಡಿದರೆ? ಫಿರಂಗಿಯ ಒತ್ತಡದ ಅಲೆ ಬಂದಾಗ ತೂತಿನ ಮೂಲಕ ಗಾಳಿ ನುಗ್ಗಿ ತಂತಿಯನ್ನು ತಂಪು ಮಾಡುತ್ತದೆ. ತಂಪಾದ ತಂತಿಯ ರೋಧ ಇಳಿಯುತ್ತದೆ. ವೀಟ್‌ಸ್ಟನ್ ಸೇತುವೆಯ ಸಮತೋಲ ತಪ್ಪಿ ಗ್ಯಾಲ್ವನೋಮೀಟರ್ ವಾಲುತ್ತದೆ. ಎತ್ತರದ ಸ್ಥಾಯಿಯ ಸದ್ದುಗಳಿಗೆ ಈ ಏರ್ಪಾಟು ಬಹುಮಟ್ಟಿಗೆ ಕಿವುಡು. 1916ರಲ್ಲಿ ಇದನ್ನು ಪರೀಕ್ಷಿಸಿದಾಗ ಫಿಲ್ಮಿನ ಮೇಲೆ ಫಿರಂಗಿಯ ಗುರುತು ಸ್ಪಷ್ಟವಾಗಿ ಮೂಡಿತು. ಅಲ್ಲಿಂದ ಮುಂದೆ ಶಬ್ದದಿಂದ ನೆಲೆ ಹುಡುಕುವುದು ಸೇನೆಯ ನಿತ್ಯದ ಕೆಲಸವಾಯಿತು.

ಓದುಗರೇ, ಈಗ ಹೇಳಿ: ಟಕರ್‌ನ ಅರ್ಜಿಯಲ್ಲಿ ಏನಿದ್ದಿರಬಹುದು? ‘ಬಿಸಿ ತಂತಿ ತಣ್ಣಗಾಗುವುದನ್ನು ಬಲ್ಲೆ’ ಎಂದು ಬರೆಯಲು ಯಾವ ಸೇನೆಯ ಅರ್ಜಿಯಲ್ಲೂ ಜಾಗವಿರುವುದಿಲ್ಲ. ಬರೆದಿದ್ದರೂ ಅದು ಯಾವ ಕೆಲಸಕ್ಕೆ ಬಂದೀತೆಂದು ಯಾವ ಗುಮಾಸ್ತನಿಗೂ ಹೊಳೆಯುತ್ತಿರಲಿಲ್ಲ. ಇಲ್ಲಿ ಮೂರು ಸಂಗತಿಗಳು ಕೂಡಿಬಂದವು. ಒಂದು, ಸೇನೆಗೆ ತನ್ನ ಸಮಸ್ಯೆ ಏನೆಂದು ಗೊತ್ತಿತ್ತು. ಎರಡು, ಆ ಸಮಸ್ಯೆಯ ಮುಂದಾಳು ಸ್ವತಃ ವಿಷಯ ಬಲ್ಲವನಾಗಿದ್ದ. ಮೂರು, ನೊಬೆಲ್ ಪಡೆದ ಅಧಿಕಾರಿ ಕಾರ್ಪೊರಲ್‌ನ ಮಾತನ್ನು ಕೇಳಿಸಿಕೊಂಡ. ಮೂರರಲ್ಲಿ ಒಂದು ಇಲ್ಲದಿದ್ದರೂ ಟಕರ್ ಗುಡಿಸಲಿನಲ್ಲಿ ಚಳಿಗೆ ಕಂಬಳಿ ಹೊದ್ದು ಮಲಗಿರುತ್ತಿದ್ದ.

‘ವಿಜ್ಞಾನಿಯನ್ನು ಉಳಿಸಿ’ ಎನ್ನುವುದರ ಕೊರತೆ

ಮೋಸ್ಲೆಯ ಗುರು ರದರ್‌ಫರ್ಡ್ 1915ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ, ವಿಜ್ಞಾನದ ಪ್ರತಿಭೆಯನ್ನು ಹೀಗೆ ಬಳಸಿದ್ದು ಸಲ್ಲದು ಎಂಬ ಅರ್ಥದ ಮಾತು ಬರೆದ. ಶಿಷ್ಯನನ್ನು ಕಳೆದುಕೊಂಡ ಗುರುವಿನ ನೋವು ಅದು. ಅದರಲ್ಲಿ ನ್ಯಾಯವೂ ಇದೆ. ಆದರೆ ನಾವು ಅದನ್ನು ‘ವಿಜ್ಞಾನಿಯನ್ನು ಮನೆಯಲ್ಲಿ ಉಳಿಸಿ, ಉಳಿದವರನ್ನು ಕಳಿಸಿ’ ಎಂದು ಸಂಕ್ಷೇಪಿಸಿದರೆ ಎರಡು ತಪ್ಪು ಮಾಡುತ್ತೇವೆ.

ಮೊದಲ ತಪ್ಪು ನೈತಿಕವಾದದ್ದು. ಗಲಿಪೊಲಿಯಲ್ಲಿ ಸತ್ತ ಸಾವಿರಾರು ಜನರ ಪ್ರಾಣಕ್ಕಿಂತ ಒಂದು ಪ್ರಾಣ ಬೆಲೆಯುಳ್ಳದ್ದು ಎಂದು ತರಗತಿಯಲ್ಲಿ ಹೇಳಿದಂತಾಗುತ್ತದೆ. ಮುಂದಿನ ಬೆಂಚಿನಲ್ಲಿ ಕೂತ ಹುಡುಗನ ಅಣ್ಣ ಸಿಪಾಯಿಯಾಗಿರಬಹುದು ಎಂಬುದನ್ನು ನಾವು ಮರೆಯಬಾರದು. ಎರಡನೆಯದು ತರ್ಕದ ತಪ್ಪು. ಮನೆಯಲ್ಲಿ ಉಳಿದಿದ್ದರೆ ಟಕರ್ ಆ ತಣ್ಣನೆಯ ಗಾಳಿಯನ್ನು ಅನುಭವಿಸುತ್ತಲೇ ಇರಲಿಲ್ಲ. ಕೌಶಲ ಮತ್ತು ಸಮಸ್ಯೆ ಒಂದೇ ಜಾಗದಲ್ಲಿ ಭೇಟಿಯಾದದ್ದರಿಂದ ಪರಿಹಾರ ಹುಟ್ಟಿತು. ಆದ್ದರಿಂದ ಪ್ರಶ್ನೆ ‘ಕಳಿಸಬೇಕೇ, ಬೇಡವೇ’ ಎಂಬುದಲ್ಲ. ‘ಎಲ್ಲಿಗೆ, ಯಾವ ಕೆಲಸಕ್ಕೆ’ ಎಂಬುದು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಫಿರಂಗಿಯ ನೆಲೆ ಸಿಕ್ಕರೆ ಅದರ ಮೇಲೆ ಗುಂಡು ಬೀಳುತ್ತದೆ, ಅಲ್ಲಿದ್ದವರು ಸಾಯುತ್ತಾರೆ. ಕೌಶಲಕ್ಕೆ ತಕ್ಕ ಸೇನಾಕೆಲಸ ಸಿಕ್ಕಿತೆಂದರೆ ಕೊಲ್ಲುವುದೂ ನಿಖರವಾಯಿತೆಂದು ಅರ್ಥ. ಹೊಂದಾಣಿಕೆಯ ಬಗ್ಗೆ ಬರೆಯುವವರು, ಕಲಿಸುವವರು ಈ ಭಾರವನ್ನೂ ಹೊರಬೇಕು.

ಅರ್ಜಿ ನಮೂನೆಯ ಸಮಸ್ಯೆ

ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟನ್ ಒಂದಷ್ಟು ಕಲಿತಿತ್ತು. ವಿಜ್ಞಾನ, ತಂತ್ರಜ್ಞಾನಗಳಲ್ಲಿ ಅರ್ಹತೆಯಿದ್ದವರ ಕೇಂದ್ರ ದಾಖಲೆಯೊಂದನ್ನು ಯುದ್ಧಕ್ಕೆ ಮೊದಲೇ ಸಿದ್ಧಪಡಿಸತೊಡಗಿತ್ತು. ಗುಪ್ತಲಿಪಿ ಬಿಡಿಸುವ ವಿಭಾಗ ವಿಶ್ವವಿದ್ಯಾಲಯಗಳಲ್ಲಿ ತನಗೆ ಬೇಕಾದವರ ಪಟ್ಟಿ ಇಟ್ಟುಕೊಂಡಿತ್ತು. ಅಲನ್ ಟ್ಯೂರಿಂಗ್ ಯುದ್ಧ ಘೋಷಣೆಯ ಮಾರನೆಯ ದಿನ, 1939ರ ಸೆಪ್ಟೆಂಬರ್ 4ರಂದು, ಬ್ಲೆಚ್ಲಿ ಪಾರ್ಕಿಗೆ ಬಂದದ್ದು ಹೀಗೆ ಮುಂಚಿತವಾಗಿ ಗುರುತಿಸಿದ್ದರಿಂದ. ನಿಮ್ಮ ವಿಜ್ಞಾನ ಸಂಘದಲ್ಲಿ 2014ರ ‘ದಿ ಇಮಿಟೇಷನ್ ಗೇಮ್’ ಚಿತ್ರ ತೋರಿಸಿದ್ದರೆ, ಅದರಲ್ಲಿ ಪದಬಂಧ ಸ್ಪರ್ಧೆಯೊಂದರ ಮೂಲಕ ಜೋನ್ ಕ್ಲಾರ್ಕ್ ಆಯ್ಕೆಯಾಗುವ ದೃಶ್ಯ ನೆನಪಿರಬಹುದು. ನಿಜದಲ್ಲಿ ಆಕೆಯನ್ನು ಕರೆತಂದವನು ಕೇಂಬ್ರಿಜ್‌ನಲ್ಲಿ ಅವಳಿಗೆ ಜ್ಯಾಮಿತಿ ಕಲಿಸಿದ್ದ ಗಾರ್ಡನ್ ವೆಲ್ಚ್‌ಮನ್. ಅವಳ ಶಕ್ತಿಯನ್ನು ಗುರುತಿಸಿದ್ದು ಅಧ್ಯಾಪಕ, ಪರೀಕ್ಷೆಯಲ್ಲ. ಸಿನಿಮಾಕ್ಕೆ ಪದಬಂಧ ರೋಚಕ. ಅಧ್ಯಾಪಕರಾದ ನಮಗೆ ನಿಜ ಸಂಗತಿ ಹೆಚ್ಚು ಮುಖ್ಯ.

ಆದರೂ ನಮೂನೆಯ ಕಾಟ ತಪ್ಪಲಿಲ್ಲ. 1940ರಲ್ಲಿ ಬಂದ ಜೋನ್ ಕ್ಲಾರ್ಕ್ ಮಾಡಿದ್ದು ಗಣಿತಜ್ಞೆಯ ಕೆಲಸ. ಆ ದರ್ಜೆಯಲ್ಲಿ ಮಹಿಳೆಗೆ ಬಡ್ತಿ ಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲವಾಗಿ ‘ಭಾಷಾತಜ್ಞೆ’ ಎಂಬ ದರ್ಜೆಗೆ ಏರಿಸಿದರು. ಮುಂದೊಂದು ಅರ್ಜಿಯಲ್ಲಿ ಆಕೆ ದರ್ಜೆ: ಭಾಷಾತಜ್ಞೆ, ಬಲ್ಲ ಭಾಷೆಗಳು: ಯಾವುದೂ ಇಲ್ಲ ಎಂದು ತುಂಬಿದಳಂತೆ. ನಕ್ಕು ಬಿಡಬಹುದು. ಆದರೆ ಮುಂದೆ ಯಾರಾದರೂ ಆ ದಾಖಲೆಯನ್ನೇ ನಂಬಿ ಗಣಿತ ಬಲ್ಲವರನ್ನು ಹುಡುಕಿದ್ದರೆ ಅವಳು ಸಿಗುತ್ತಲೇ ಇರಲಿಲ್ಲ.

ಅಮೆರಿಕದ ಗ್ರೇಸ್ ಹಾಪರ್‌ಳ ಕಥೆ ಇನ್ನೂ ನೇರವಾದದ್ದು. ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಆಕೆ 1943ರಲ್ಲಿ ನೌಕಾಪಡೆಯ ಮೀಸಲು ದಳ ಸೇರಲು ಹೋದಾಗ ಅವಳ ತೂಕ ನಿಯಮಕ್ಕಿಂತ ಸುಮಾರು 7 ಕಿಲೊಗ್ರಾಂ ಕಡಿಮೆ ಇತ್ತು. ವಿಶೇಷ ವಿನಾಯಿತಿ ಸಿಕ್ಕಿತು. 1944ರಲ್ಲಿ ಹಾರ್ವರ್ಡ್‌ನ ಮಾರ್ಕ್-1 ಗಣಕಯಂತ್ರದ ಕೆಲಸಕ್ಕೆ ನೇಮಿಸಿದರು. ವಯಸ್ಸಿನ ಕಾರಣದಿಂದ 1966ರಲ್ಲಿ ನಿವೃತ್ತಿಯಾದವಳನ್ನು ಮಾರನೆಯ ವರ್ಷವೇ ಮತ್ತೆ ಕರೆಸಿಕೊಂಡರು. ಕೊನೆಗೆ ಆಕೆ ರಿಯರ್ ಅಡ್ಮಿರಲ್ ಆಗಿ ನಿವೃತ್ತಳಾದದ್ದು 1986ರಲ್ಲಿ, 79ನೆಯ ವಯಸ್ಸಿನಲ್ಲಿ. ತೂಕದ ಕಲಮನ್ನು ಅಕ್ಷರಶಃ ಪಾಲಿಸಿದ್ದರೆ ನೌಕಾಪಡೆ ಇಷ್ಟನ್ನೂ ಕಳೆದುಕೊಳ್ಳುತ್ತಿತ್ತು.

ನಮ್ಮಲ್ಲಿ, ಮತ್ತು ಈಗ

ನಮ್ಮ ಪ್ರಾದೇಶಿಕ ಸೇನೆಯ ಕಾಯಿದೆ 1948ರದು. 1949ರ ಅಕ್ಟೋಬರ್ 9ರಂದು ಸಿ. ರಾಜಗೋಪಾಲಾಚಾರಿ ಅದನ್ನು ಉದ್ಘಾಟಿಸಿದರು. ಇದು ಉದ್ಯೋಗದಲ್ಲಿದ್ದುಕೊಂಡೇ ಸೇವೆ ಸಲ್ಲಿಸುವವರ ಸೇನೆ. ಇಲ್ಲಿ ಕೌಶಲದ ಹೊಂದಾಣಿಕೆ ಬಹುಮಟ್ಟಿಗೆ ಇಲಾಖೆಯ ಮೂಲಕ ನಡೆದಿದೆ. ರೈಲ್ವೆ ನೌಕರರಿಂದ ರೈಲ್ವೆ ದಳಗಳು, ತೈಲ ಸಂಸ್ಥೆಗಳ ನೌಕರರಿಂದ ತೈಲ ಪೂರೈಕೆಯ ದಳ ಹೀಗೆ ರೂಪುಗೊಂಡವು. 1982ರಿಂದ ಮಾಜಿ ಸೈನಿಕರನ್ನು ಸೇರಿಸಿಕೊಂಡು ಬೋಳು ಗುಡ್ಡಗಳಲ್ಲಿ ಗಿಡ ನೆಡುವ ಪರಿಸರ ದಳಗಳೂ ಬಂದವು. ಇತ್ತೀಚಿನ ವರ್ಷಗಳಲ್ಲಿ ಚೀನೀ ಭಾಷೆ ಬಲ್ಲವರನ್ನು ಅಧಿಕಾರಿಗಳಾಗಿ ತೆಗೆದುಕೊಂಡದ್ದೂ ಉಂಟು.

ಇಲಾಖೆಯ ಮೂಲಕ ಹೊಂದಿಸುವುದು ಜಾಣತನದ ದಾರಿ. ರೈಲು ಓಡಿಸುವವನಿಗೆ ಸಮವಸ್ತ್ರ ತೊಟ್ಟ ಮೇಲೂ ರೈಲೇ ಕೆಲಸ. ಹೊಸ ತರಬೇತಿ ಕಡಿಮೆ ಸಾಕು. ಆದರೆ ಈ ಜರಡಿಯಲ್ಲಿ ಟಕರ್ ಸಿಗುವುದಿಲ್ಲ. ರೈಲ್ವೆ ಗುಮಾಸ್ತನೊಬ್ಬ ರಾತ್ರಿ ಹವ್ಯಾಸಿ ರೇಡಿಯೊ ನಡೆಸುತ್ತಿರಬಹುದು. ಬ್ಯಾಂಕಿನ ಉದ್ಯೋಗಿ ಬಿಡುವಿನಲ್ಲಿ ಡ್ರೋನ್ ಜೋಡಿಸುತ್ತಿರಬಹುದು. ಸಂಬಳ ಕೊಡುವ ಸಂಸ್ಥೆಯ ಹೆಸರು ಇದನ್ನು ಹೇಳುವುದಿಲ್ಲ.

2025ರ ಜೂನ್‌ನಲ್ಲಿ ಅಮೆರಿಕದ ಸೇನೆ ಇನ್ನೊಂದು ದಾರಿ ಹಿಡಿಯಿತು. ಪಲಾಂಟಿರ್, ಮೆಟಾ, ಓಪನ್ ಎಐ ಮೊದಲಾದ ತಂತ್ರಜ್ಞಾನ ಕಂಪನಿಗಳ ದೊಡ್ಡ ಹುದ್ದೆಗಳಲ್ಲಿ ದುಡಿದ ನಾಲ್ವರನ್ನು ಮೀಸಲು ಸೇನೆಗೆ ನೇರವಾಗಿ ಲೆಫ್ಟಿನೆಂಟ್ ಕರ್ನಲ್‌ಗಳಾಗಿ ಸೇರಿಸಿಕೊಂಡು ‘ಡಿಟ್ಯಾಚ್‌ಮೆಂಟ್ 201’ ಎಂಬ ಘಟಕ ಮಾಡಿತು. ಕಂಪನಿಯ ಹಿತವೂ ಸೇನೆಗೆ ಕೊಡುವ ಸಲಹೆಯೂ ಬೆರೆತರೆ ಏನಾದೀತೆಂಬ ಪ್ರಶ್ನೆ ಆಗಲೇ ಎದ್ದಿತು. ಅದು ಯುಕ್ತವಾದ ಪ್ರಶ್ನೆ. ನಮ್ಮ ದೃಷ್ಟಿಯಿಂದ ಇನ್ನೊಂದು ಪ್ರಶ್ನೆಯೂ ಇದೆ. ಹೆಸರಾದವರನ್ನು ಮೇಲಿನಿಂದ ತರುವುದು ಕಷ್ಟವಲ್ಲ. ಈಗಾಗಲೇ ಕೆಳಗಿನ ದರ್ಜೆಯಲ್ಲಿ ಇರುವ ಮೀಸಲು ಸೈನಿಕರಲ್ಲಿ ಯಾರಿಗೆ ಏನು ಗೊತ್ತು ಎಂದು ತಿಳಿಯುವುದು ಕಷ್ಟ. ಬ್ರಾಗ್‌ನಂಥವರನ್ನು ಕರೆತಂದರಷ್ಟೇ ಸಾಲದು, ಟಕರ್‌ನನ್ನು ಹುಡುಕಬೇಕು.

ಹುಡುಕಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಮೀಸಲು ಸೈನಿಕನ ಕೌಶಲ ಅಪರೂಪವಾದಷ್ಟೂ ಅವನನ್ನು ಕರೆದಾಗ ನಾಗರಿಕ ಜೀವನದಲ್ಲಿ ಬೀಳುವ ತೂತು ದೊಡ್ಡದು. ಆಸ್ಪತ್ರೆಯ ಅರಿವಳಿಕೆ ತಜ್ಞನನ್ನು ಸೇನಾ ಆಸ್ಪತ್ರೆಗೆ ಕರೆಸಿಕೊಂಡರೆ ಊರಿನ ಶಸ್ತ್ರಚಿಕಿತ್ಸೆ ನಿಲ್ಲುತ್ತದೆ. ಇದಕ್ಕಾಗಿಯೇ ಬ್ರಿಟನ್ ಎರಡನೆಯ ಮಹಾಯುದ್ಧದಲ್ಲಿ ಕರೆಯಬಾರದ ವೃತ್ತಿಗಳ ಪಟ್ಟಿಯನ್ನೂ ಇಟ್ಟುಕೊಂಡಿತ್ತು. ಯಾರು ಎಲ್ಲಿ ಬೇಕು ಎಂಬ ಪಟ್ಟಿಯ ಜೊತೆಗೆ ಯಾರು ಇದ್ದಲ್ಲೇ ಇರಬೇಕು ಎಂಬ ಪಟ್ಟಿಯೂ ಇರಬೇಕು.

ತರಗತಿಯಲ್ಲಿ ಏನು ಹೇಳೋಣ?

ಮುಂದಿನ ಸಲ ಮೋಸ್ಲೆಯ ನಿಯಮ ಕಲಿಸುವಾಗ ಅವನ ಸಾವನ್ನು ಬಿಡಬೇಡಿ. ಆತ ಯುದ್ಧಕ್ಕೆ ಹೋಗುವಾಗ ಬರೆದ ಉಯಿಲಿನಲ್ಲಿ ತನ್ನ ಆಸ್ತಿಯನ್ನು ಪ್ರಯೋಗ ಸಂಶೋಧನೆಗಾಗಿ ರಾಯಲ್ ಸೊಸೈಟಿಗೆ ಬಿಟ್ಟುಹೋದ ಎಂಬುದನ್ನೂ ಹೇಳಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಬ್ರಾಗ್‌ನ ನಿಯಮ ಬಂದಾಗ ಆರು ಮೈಕ್ರೊಫೋನುಗಳ ಮಾತು ಹೇಳಿ. ವೀಟ್‌ಸ್ಟನ್ ಸೇತುವೆ ಬಂದಾಗ ಟಕರ್‌ನ ಬಿಸಿ ತಂತಿಯನ್ನು ಹೇಳಿ. ಈ ಮೂರೂ ಒಂದೇ ಕಥೆಯ ಭಾಗಗಳು.

ಸಮಯವಿದ್ದರೆ ಒಂದು ಸಣ್ಣ ಚಟುವಟಿಕೆ ಮಾಡಿಸಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಅಂಕ, ತರಗತಿ, ವಿಷಯಗಳ ಹೆಸರು ಬರೆಯದೆ, ತಾನು ನಿಜವಾಗಿ ಮಾಡಬಲ್ಲ ಮೂರು ಕೆಲಸಗಳನ್ನು ಬರೆಯಲಿ. ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ ಜೋಡಿಸಬಲ್ಲೆ. ಕತ್ತಲಲ್ಲಿ ಹಕ್ಕಿಯ ಕೂಗಿನಿಂದ ಅದು ಯಾವುದೆಂದು ಹೇಳಬಲ್ಲೆ. ಮೂರು ಭಾಷೆಗಳಲ್ಲಿ ಲೆಕ್ಕ ಒಪ್ಪಿಸಬಲ್ಲೆ. ಪ್ರವಾಹ ಬಂದಾಗ, ರೋಗ ಹರಡಿದಾಗ, ಯುದ್ಧವಾದಾಗ ಇವುಗಳಲ್ಲಿ ಯಾವುದು ಎಲ್ಲಿ ಉಪಯೋಗಕ್ಕೆ ಬಂದೀತೆಂದು ತರಗತಿಯೇ ಚರ್ಚಿಸಲಿ. ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಅಲ್ಲಿ ಹೊರಬರುತ್ತವೆ.

ವೆಲ್ಚ್‌ಮನ್ ಮಾಡಿದ್ದು ಇಷ್ಟೇ: ತನ್ನ ವಿದ್ಯಾರ್ಥಿನಿಗೆ ಏನು ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡಿದ್ದ. ಅದನ್ನು ನೀವೂ ಮಾಡಬಹುದು.